ಕಾರ್ಡ್ ಖಾಲಿ ಮಾಡಿಕೊಡುವ ಓಂಕಾರಮೂರ್ತಿ

ಆಲ್ದೂರಿನಲ್ಲಿ ಓಂಕಾರಮೂರ್ತಿಯವರ ಬಗ್ಗೆ ಯಾರನ್ನೇ ಕೇಳಿದರೂ ಎರಡು ಮಾತು ಬರುತ್ತಿತ್ತು. ಮನುಷ್ಯ ಫೋಟೋ ತೆಗೆದರೆ ಕಣ್ಣಿಗೊತ್ತಿಕೊಳ್ಳಬೇಕು, ಅದು ಒಂದು. ಅವರ ತಪ್ಪು ತೋರಿಸಲು ಹೋದವರು ತಮ್ಮದೇ ನಾಲ್ಕು ತಪ್ಪು ಕೇಳಿಸಿಕೊಂಡು ವಾಪಸು ಬರಬೇಕು, ಅದು ಇನ್ನೊಂದು. ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಅವರ ಸಿದ್ಧೇಶ್ವರ ಸ್ಟುಡಿಯೋಗೆ ಬಂದ ಕಾಫಿ ವ್ಯಾಪಾರಿಯೊಬ್ಬರು ತಮ್ಮ ಪಾಸ್‌ಪೋರ್ಟ್ ಫೋಟೋ ಹಿಡಿದುಕೊಂಡು, "ಮೂರ್ತಿಯವ್ರೇ, ನನ್ ಕಣ್ಣು ಮುಚ್ಕೊಂಡಂಗಿದೆಯಲ್ಲ" ಎಂದಿದ್ದಕ್ಕೆ, "ಮಧ್ಯಾಹ್ನ ಊಟ ಜಾಸ್ತಿ ಮಾಡ್ಕೊಂಡ್ ಬಂದ್ರೆ ಕಣ್ಣು ಎಲ್ಲಿ ತೆರಿತದೆ? ಕ್ಯಾಮೆರಾ ಇದ್ದಿದ್ದನ್ನ ಇದ್ದಂಗೆ ತೋರ್ಸಿದೆ" ಎಂದು ಕಳಿಸಿದ್ದರು. ವ್ಯಾಪಾರಿ ಅದೇ ಫೋಟೋವನ್ನೇ ಅಂಟಿಸಿಕೊಂಡು ದುಬೈಗೆ ಹೋಗಿ ಬಂದರಂತೆ.

ಆ ಜಂಬಕ್ಕೆ ಕಾರಣವೂ ಇತ್ತು ಅನ್ನಿ. ಹದಿಹರೆಯದಲ್ಲಿ ಚಿಕ್ಕಮಗಳೂರಿನ ಒಂದು ಸ್ಟುಡಿಯೋದಲ್ಲಿ ಕಸ ಗುಡಿಸುವುದರಿಂದ ಶುರುಮಾಡಿ, ಡಾರ್ಕ್‌ರೂಮಿನ ಕೆಂಪು ದೀಪದಲ್ಲಿ ಕಣ್ಣು ಕೆಡಿಸಿಕೊಂಡು ಕೆಲಸ ಕಲಿತವರು ಅವರು. ಸುತ್ತಲಿನ ಎಸ್ಟೇಟುಗಳ ಮದುವೆ, ನಾಮಕರಣ, ಷಷ್ಟಿಪೂರ್ತಿ ಎಲ್ಲಕ್ಕೂ ಅವರೇ ಆಗಬೇಕಿತ್ತು. ಎಷ್ಟೋ ಫೋಟೋಗ್ರಾಫರುಗಳು ಮದುವೆ ಮುಗಿದ ಮೇಲೆ "ರೋಲಿಗೆ ಬೆಳಕು ಹೊಡೆದುಬಿಟ್ಟಿದೆ" ಎಂದು ತಲೆ ಕೆರೆದುಕೊಂಡು ನಿಂತದ್ದುಂಟು. ಓಂಕಾರಮೂರ್ತಿಯವರಿಗೆ ಆ ಗತಿ ಬಂದಿರಲೇ ಇಲ್ಲ. "ಮೂವತ್ತು ವರ್ಷದಾಗೆ ಒಂದೇ ಒಂದು ರೋಲು ಹಾಳು ಮಾಡಿಲ್ಲ" ಎಂಬುದು ಅವರ ಮಂತ್ರ. "ರೋಲು ಬಿಟ್ಟು ಬೇರೆ ಏನೇನ್ ಹಾಳ್ ಮಾಡಿದೀರ ಅಂತ ನಾನ್ ಹೇಳ್ಲಾ?" ಎಂಬುದು ಅವರ ಹೆಂಡತಿ ಗಿರಿಜಾಂಬಾ ಅವರ ಪಲ್ಲವಿ. ಗಂಡನಿಗೆ ಎದುರು ಹೇಳಿ ಗೆದ್ದ ಏಕೈಕ ವ್ಯಕ್ತಿ ಆಕೆ.

ಆ ಹಾಳಾಗದ ರೋಲುಗಳ ಹಿಂದಿದ್ದದ್ದು ಒಂದು ಕಪ್ಪು ಚೀಲ. ದಪ್ಪ ಬಟ್ಟೆಯದು, ಅಂಗಿಯ ಹಾಗೆ ಎರಡು ತೋಳು ಅದಕ್ಕೆ. ಮದುವೆ ಮನೆಯಲ್ಲಿ ರೋಲು ಸಿಕ್ಕಿಹಾಕಿಕೊಂಡರೆ ಕ್ಯಾಮೆರಾವನ್ನು ಚೀಲದೊಳಗಿಟ್ಟು, ತೋಳುಗಳಲ್ಲಿ ಕೈ ತೂರಿಸಿ, ಒಂದು ಎಳೆ ಬೆಳಕೂ ತಾಗದಂತೆ ಬೆರಳಿನಿಂದಲೇ ಸರಿಮಾಡಬೇಕು. ಆಗ ಓಂಕಾರಮೂರ್ತಿಯವರು ಕಣ್ಣು ಮುಚ್ಚಿಕೊಂಡು ಮುಖ ಮೇಲೆತ್ತುತ್ತಿದ್ದರು. ನೋಡಿದವರಿಗೆ ಜಪಕ್ಕೆ ಕೂತ ಹಾಗೆ ಕಾಣುತ್ತಿತ್ತು. ಆ ಚೀಲ ಹೆಗಲಿಗಿಲ್ಲದೆ ಅವರು ಮನೆ ಹೊಸ್ತಿಲು ದಾಟುತ್ತಿರಲಿಲ್ಲ.

ಇಂಥವರ ಕಾಲಕ್ಕೆ ಡಿಜಿಟಲ್ ಕ್ಯಾಮೆರಾ ಬಂತು. ಮೊದಲು ಅವರು ಅದನ್ನು ಆಟದ ಸಾಮಾನು ಎಂದರು. ಆಮೇಲೆ ಗಿರಾಕಿಗಳೇ ಅದನ್ನು ಕೊರಳಿಗೆ ಹಾಕಿಕೊಂಡು ಸ್ಟುಡಿಯೋ ಮುಂದೆ ಓಡಾಡತೊಡಗಿದರು. ತಿಂಗಳಿಗೆ ನಾಲ್ಕು ರೋಲು ತೊಳೆಯಲು ಕೊಡುತ್ತಿದ್ದ ಮನೆಗಳು ಒಂದೂ ಕೊಡದಾದಾಗ, ಬಾಯಿ ಮುಚ್ಚಿಕೊಂಡು ತಾವೂ ಒಂದು ಕೊಂಡರು. ಕ್ಯಾಮೆರಾ ಅವರಿಗೆ ಕೂಡಲೇ ಒಲಿಯಿತು. ಒಲಿಯದಿದ್ದದ್ದು ಕಂಪ್ಯೂಟರು. ಚಿಕ್ಕಮಗಳೂರಿನ ಒಂದು ಕ್ಲಾಸಿಗೆ ಹೋಗಿ ಕೂತರೆ, ಮೌಸು ಮೇಜಿನ ಅಂಚಿಗೆ ಬಂದಾಗ ಅದನ್ನು ಎತ್ತಿ ಗಾಳಿಯಲ್ಲಿ ಓಡಿಸಿದರು. ಪಕ್ಕದ ಹುಡುಗಿಯರು ನಕ್ಕರು. ಮಾರನೆಯ ದಿನ ಓಂಕಾರಮೂರ್ತಿಯವರು ಕ್ಲಾಸಿನತ್ತ ಸುಳಿಯಲಿಲ್ಲ.

ಆದರೆ ಕಂಪ್ಯೂಟರಿಲ್ಲದೆ ತೆಗೆದ ಫೋಟೋ ಇಡುವುದೆಲ್ಲಿ? ಕಾರ್ಡು ಎಂಬುದು ಉಗುರಿನಷ್ಟಗಲ, ಅದರ ಹೊಟ್ಟೆಯೂ ಅಷ್ಟೇ. ಒಂದು ಮದುವೆಗೆ ಸಾಲದು. ಈ ಚಿಂತೆಯಲ್ಲೇ ಬೆಂಗಳೂರಿಗೆ ಹೋದವರು ಒಂದು ಅಂಗಡಿಯಲ್ಲಿ ಆ ಡಬ್ಬಿ ನೋಡಿದರು. ಊದುಬತ್ತಿ ಪೆಟ್ಟಿಗೆಗಿಂತ ಚೂರು ದಪ್ಪ, ಮೇಲೆ ಬೆಂಕಿಪೊಟ್ಟಣದಷ್ಟು ಪರದೆ, ಪಕ್ಕದಲ್ಲಿ ಕಾರ್ಡು ತೂರಿಸಲು ಕಿಂಡಿ, ಒಳಗೆ ಬ್ಯಾಟರಿ. ಕಾರ್ಡು ತೂರಿಸಿ ಗುಂಡಿ ಒತ್ತಿದರೆ ಒಳಗೆ ಏನೋ ಗುಂಯ್‌ಗುಟ್ಟುತ್ತದೆ, ಪರದೆಯ ಮೇಲೆ ಸೊನ್ನೆಯಿಂದ ನೂರರವರೆಗೆ ಅಂಕಿ ಏರುತ್ತದೆ, ನೂರಾದ ಮೇಲೆ ಕಾರ್ಡಿನ ಫೋಟೋವೆಲ್ಲ ಡಬ್ಬಿಯೊಳಗೂ ಬಂದಿರುತ್ತದೆ. "ಕಂಪ್ಯೂಟರ್ ಬೇಡ್ವಾ?" ಎಂದು ಮೂರು ಸಲ ಕೇಳಿದರು. "ಬೇಡ ಸಾರ್, ಕಾಡಲ್ಲಿ ಕೂತ್ಕೊಂಡೂ ಮಾಡ್ಬೋದು" ಎಂದ ಅಂಗಡಿಯವನು. ಆ ಒಂದು ಮಾತಿಗೆ ಓಂಕಾರಮೂರ್ತಿಯವರು ಮಾರುಹೋದರು. ವಾಪಸು ಬರುವಾಗ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಡೂರು ಬರುವಷ್ಟರಲ್ಲಿ ಅದೇ ಕಾರ್ಡನ್ನು ಮತ್ತೆ ಮತ್ತೆ ಇಳಿಸಿ, ಪ್ರತಿ ಸಲವೂ ಕಿವಿಗಿಟ್ಟುಕೊಂಡು ಆ ಗುಂಯ್ ಸದ್ದು ಕೇಳಿದರು. ಏನು ಖುಷಿ, ಏನು ಖುಷಿ! ಪಕ್ಕದ ಸೀಟಿನವರು ರೇಡಿಯೋ ಎಂದುಕೊಂಡು "ಸ್ಕೋರ್ ಎಷ್ಟು?" ಎಂದು ಕೇಳಿದರು.

ಅದೇ ವರ್ಷ, ಎರಡು ಸಾವಿರದ ಆರರಲ್ಲಿ, ಗಿರಿಯ ಮೇಲೆ ಗುರ್ಗಿ ಹೂ ಬಿಟ್ಟಿತು. ಪೇಪರಿನವರು ಅದನ್ನು ನೀಲಕುರಿಂಜಿ ಎಂದು ಬರೆದರು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಹೂ. ಅರಳಿತೆಂದರೆ ಬಾಬಾಬುಡನ್‌ಗಿರಿಯ ಇಳಿಜಾರುಗಳೆಲ್ಲ ನೀಲಿಯಾಗಿ, ಮಂಜು ಸರಿದಾಗ ಬೆಟ್ಟ ಯಾವುದು ಆಕಾಶ ಯಾವುದು ಎಂದು ತಿಳಿಯುವುದಿಲ್ಲ. ಪೇಪರಿನಲ್ಲಿ ಚಿತ್ರ ಬಂದದ್ದೇ ತಡ, ಅತ್ತಿಗುಂಡಿಯ ರಸ್ತೆಯಲ್ಲಿ ಜೀಪು, ಕಾರು, ಟೆಂಪೋಗಳ ಸಾಲು. ಇಳಿದವರೆಲ್ಲರ ಕೈಯಲ್ಲೂ ಡಿಜಿಟಲ್ ಕ್ಯಾಮೆರಾ. ಹೂವಿನೊಂದಿಗೆ ಅಜ್ಜಿ, ಹೂವಿನೊಂದಿಗೆ ಮಗು, ಬರೀ ಹೂ, ಬರೀ ಮಂಜು ಎಂದು ಕಂಡದ್ದನ್ನೆಲ್ಲ ಒತ್ತಿದರೆ ಕಾರ್ಡು ತುಂಬದೆ ಇನ್ನೇನಾಗುತ್ತದೆ? ಓಂಕಾರಮೂರ್ತಿಯವರು ಹೂ ನೋಡಲೆಂದು ಹೋದವರು ಹೂ ಬಿಟ್ಟು ಜನರನ್ನೇ ನೋಡಿದರು. ಬೆಟ್ಟದ ನೆತ್ತಿಯಲ್ಲಿ ನಿಂತು ಗಂಡ ಹೆಂಡತಿ ಯಾವ ಫೋಟೋ ಅಳಿಸಬೇಕು ಎಂದು ಜಗಳ ಆಡುತ್ತಿದ್ದರು. "ನಿಮ್ಮಮ್ಮಂದು ಅಳಿಸಿ" ಎಂದು ಆಕೆ, "ನಿಮ್ ತಂಗೀದು ಅಳಿಸು" ಎಂದು ಆತ.

ಮಾರನೆಯ ಬೆಳಿಗ್ಗೆಯೇ ಚೇತಕ್ ಸ್ಕೂಟರಿನ ಹಿಂದೆ ಗಿರಿಜಾಂಬಾ, ಮುಂದೆ ಮಡಚುವ ಮೇಜು, ಹೆಗಲಿಗೆ ಕಪ್ಪು ಚೀಲ, ಅದರೊಳಗೆ ಡಬ್ಬಿ. ರಸ್ತೆ ಬದಿಯಲ್ಲಿ ಬೋರ್ಡು ನಿಂತಿತು: "ಕಾರ್ಡ್ ಖಾಲಿ ಮಾಡಿಕೊಡಲಾಗುವುದು. ನಿಮ್ಮ ಫೋಟೋ ಭದ್ರ. ಸಿ.ಡಿ. ಮನೆಗೆ ಬರುತ್ತದೆ." ಸಿ.ಡಿ. ಮಾಡಿಕೊಡಲು ಚಿಕ್ಕಮಗಳೂರಿನ ಕಲರ್ ಲ್ಯಾಬಿನ ಕುಮಾರ್ ಒಪ್ಪಿದ್ದ. ಸಂಜೆ ಡಬ್ಬಿ ಅವನಿಗೆ ಕೊಟ್ಟರೆ ಮುಂದಿನದು ಅವನ ಕೆಲಸ. ಯಾವ ಫೋಟೋ ಯಾರದು ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಗಿರಿಜಾಂಬಾ ಒಂದು ಉಪಾಯ ಹೂಡಿದರು. ಕಾರ್ಡಿನಲ್ಲಿ ಕೊನೆಯ ಒಂದು ಫೋಟೋಗೆ ಜಾಗ ಮಾಡಿಸಿ, ಸ್ಲೇಟಿನ ಮೇಲೆ ಅವರ ವಿಳಾಸ ಬರೆಸಿ, ಅದನ್ನೇ ಅವರ ಕ್ಯಾಮೆರಾದಿಂದ ಕ್ಲಿಕ್ ಮಾಡಿಸುವುದು. "ಮದ್ವೆ ಪಾತ್ರೆ ಮೇಲೆ ಹೆಸರು ಹೊಡೆಸ್ತೀವಲ್ಲ, ಹಂಗೆ. ಯಾರ್ ಮನೆ ಅಟ್ಟಕ್ ಹೋದ್ರೂ ನಮ್ಮದು ನಮಗೆ ವಾಪಸ್ ಬರ್ತದೆ" ಎಂದರು. ಓಂಕಾರಮೂರ್ತಿಯವರು ಅದನ್ನು ಒಳ್ಳೆಯ ಉಪಾಯ ಎಂದು ಬಾಯಿಬಿಟ್ಟು ಹೇಳಲಿಲ್ಲ, ಆದರೆ ಸ್ಲೇಟು ಕೊಂಡು ತಂದರು.

ಜನ ಮುಗಿಬಿದ್ದರು. ಓಂಕಾರಮೂರ್ತಿಯವರು ಕಾರ್ಡು ತೂರಿಸುತ್ತಿದ್ದರು, ಗಿರಿಜಾಂಬಾ ಪರದೆ ನೋಡಿ ಅಂಕಿ ಕೂಗುತ್ತಿದ್ದರು. "ನಲವತ್ತು... ಎಪ್ಪತ್ತು... ತೊಂಬತ್ತೈದು... ಆಯ್ತು!" ಎಂದಾಗ ಸುತ್ತ ನಿಂತವರು ಚಪ್ಪಾಳೆ ಹೊಡೆಯುತ್ತಿದ್ದರು. ಆಮೇಲೆ ಓಂಕಾರಮೂರ್ತಿಯವರು ಕಾರ್ಡನ್ನು ಕ್ಯಾಮೆರಾಗೆ ಹಾಕಿ, ಎಲ್ಲ ಅಳಿಸಿ, ಹಸುಳೆಯನ್ನು ತಾಯಿಗೆ ಕೊಡುವಂತೆ ಮಾಲೀಕರ ಕೈಗಿಡುತ್ತಿದ್ದರು. ಮೂವತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ? ಒಂದೆರಡು ಸಲ ಅವರ ಕೈ ತಾನಾಗಿ ಡಬ್ಬಿಯನ್ನು ಕಪ್ಪು ಚೀಲಕ್ಕೆ ಹಾಕಿ, ತೋಳಿನಲ್ಲಿ ತೂರಿ, ಮುಖ ಮೇಲೆತ್ತಿದ್ದೂ ಉಂಟು. "ರೀ, ಇದಕ್ಕೆ ಬೆಳಕ್ ಬಿದ್ರೆ ಏನೂ ಆಗಲ್ಲ, ಹೊರಗ್ ತೆಗೀರಿ" ಎಂದು ಗಿರಿಜಾಂಬಾ ಗದರಿಸುತ್ತಿದ್ದರು. "ಗೊತ್ತು ನಂಗೆ" ಎಂದು ಅವರು ತೆಗೆಯುತ್ತಿದ್ದರು.

ಗಿರಿಜಾಂಬಾ ತಮ್ಮ ತಂಗಿಯ ಮೊಮ್ಮಗನ ನಾಮಕರಣಕ್ಕೆ ಹೋದ ಒಂದು ದಿನ ಓಂಕಾರಮೂರ್ತಿಯವರು ಒಬ್ಬರೇ ಇದ್ದರು. ಬೆಳಿಗ್ಗೆಯಿಂದ ಜನ. ಮಧ್ಯಾಹ್ನದ ಮೇಲೆ ಹಳೆಯ ಜೀಪೊಂದು ಬಂದು ನಿಂತಿತು. ಅದರಿಂದ ಒಬ್ಬರ ಹಿಂದೆ ಒಬ್ಬರು ಐದು ಜನ ವಯಸ್ಸಾದ ಹೆಂಗಸರು ಇಳಿದರು. ಎಲ್ಲರದ್ದೂ ರೇಷ್ಮೆ ಸೀರೆ, ಎಲ್ಲರದ್ದೂ ಒಂದೇ ಮೂಗು. ಅಕ್ಕತಂಗಿಯರು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹಿರಿಯರು ಸಾವಿತ್ರಮ್ಮ, ಕೋಲೂರಿಕೊಂಡು ಎಲ್ಲರಿಗಿಂತ ಮುಂದೆ. ಕಿರಿಯರು ಪ್ರೇಮಕುಮಾರಿ, ಎಲ್ಲರಿಗಿಂತ ಹಿಂದೆ. ನಡುವಿನ ಮೂವರು ಒಂದೇ ಸಮನೆ ಮಾತಾಡುತ್ತಿದ್ದರು. ಜೀಪು ಓಡಿಸಿಕೊಂಡು ಬಂದ ಸಾವಿತ್ರಮ್ಮನ ಮಗ ಚನ್ನಕೇಶವ ಹೊಸ ಕ್ಯಾಮೆರಾ ಹಿಡಿದು, "ಇವ್ರೆಲ್ಲ ಹುಟ್ಟಿ ಬೆಳೆದಿದ್ದು ಇಲ್ಲೇ ಕೆಳಗೆ, ಈಗ ತಮ್ಮಯ್ಯ ಮಾವ ಇರೋ ತವರುಮನೇಲಿ. ಐದೂ ಜನ ಒಟ್ಟಿಗೆ ಈ ಹೂ ನೋಡಿದ್ದು ನಾಲ್ಕು ಹೂವಿನ ಹಿಂದೆ. ಅವತ್ತಿಂದ ಒಬ್ರು ಬಂದ್ರೆ ಒಬ್ರಿಲ್ಲ" ಎಂದು ಕೇಳದೆಯೇ ಹೇಳಿ ಇಳಿಜಾರಿಗೆ ಓಡಿದ.

ಅವರು ಮರಳಿ ಬರುವಾಗ ಹನಿ ಶುರುವಾಗಿತ್ತು. ಕಾರ್ಡು ತುಂಬಿತ್ತು, ಸ್ಲೇಟಿನ ಫೋಟೋ ಆಯಿತು. ಹನಿ ಬೀಳುತ್ತಿದೆ ಎಂಬುದು ಒಂದು ನೆಪ. ಓಂಕಾರಮೂರ್ತಿಯವರು ಡಬ್ಬಿಯನ್ನೂ ಕಾರ್ಡನ್ನೂ ಕಪ್ಪು ಚೀಲಕ್ಕೆ ಹಾಕಿ, ಕೈ ತೂರಿಸಿ, ಬೆರಳಿನಿಂದಲೇ ಕಿಂಡಿ ಹುಡುಕಿ, ಗುಂಡಿ ಒತ್ತಿ, ಕಣ್ಣು ಮುಚ್ಚಿದರು. ಗದರಿಸುವವರು ಇರಲಿಲ್ಲ. ಗುಂಯ್ ಸದ್ದು ಬಂತು, ಸ್ವಲ್ಪ ಹೊತ್ತಿಗೆ ನಿಂತಿತು. ನಿಂತಿತೆಂದರೆ ಮುಗಿಯಿತು ಎಂದು ಅವರು ಕಾರ್ಡನ್ನು ಹೊರಗೆಳೆದು, ಕ್ಯಾಮೆರಾಗೆ ಹಾಕಿ, ಎಲ್ಲ ಅಳಿಸಿ ಚನ್ನಕೇಶವನಿಗೆ ಕೊಟ್ಟರು. ಮಳೆ ಜೋರಾಯಿತು. ಜೀಪು ಹೊರಟುಹೋಯಿತು.

ಸಂಜೆ ಲ್ಯಾಬಿನಲ್ಲಿ ಕುಮಾರ್ ಡಬ್ಬಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಬಹಳ ಹೊತ್ತು ಪರದೆ ನೋಡಿ, "ಮೂರ್ತಿಯಣ್ಣ, ಇದೊಂದು ಅರ್ಧಕ್ಕೇ ನಿಂತಿದೆಯಲ್ಲ" ಎಂದ. ಬೆಳಿಗ್ಗೆಯಿಂದ ದುಡಿದ ಬ್ಯಾಟರಿ ನಡುವೆಯೇ ಸತ್ತಿತ್ತು. ಸಾಯುವ ಮೊದಲು ಪರದೆ ಮಿಣುಕಿ ಮಿಣುಕಿ ಹೇಳಿರಬೇಕು, ಪಾಪ. ಚೀಲದ ಕತ್ತಲೆಯಲ್ಲಿ ಯಾರಿಗೆ ಕಾಣಬೇಕು? ಬಂದಿದ್ದದ್ದು ಜೀಪು, ದಾರಿ, ಮಂಜು, ಚನ್ನಕೇಶವನ ಹೆಬ್ಬೆರಳು. ಕೊನೆಯ ಫೋಟೋದಲ್ಲಿ ಬೆಟ್ಟದ ತುದಿ, ನೀಲಿ ಹೂ, ಕೆಲವು ನರೆತ ತಲೆಗಳು, ಅದರ ಕೆಳಗೆಲ್ಲ ಬೂದಿ ಬಣ್ಣ. ಐವರು ಒಟ್ಟಿಗೆ ನಿಂತ ಒಂದೂ ಫೋಟೋ ಇಲ್ಲ, ವಿಳಾಸದ ಸ್ಲೇಟೂ ಇಲ್ಲ.

ಓಂಕಾರಮೂರ್ತಿಯವರು ಕುರ್ಚಿ ಎಳೆದುಕೊಂಡು ಕೂತರು. "ಡಬ್ಬಿದೇ ಏನೋ ತೊಂದ್ರೆ ಅನ್ನಿ, ಯಾರ್ ಕೇಳ್ತಾರೆ" ಎಂದು ಕುಮಾರ್ ಸಮಾಧಾನ ಹೇಳಲು ನೋಡಿದ. "ಸುಮ್ನಿರೋ ಮಾರಾಯ, ಡಬ್ಬೀದ್ ಏನ್ ತಪ್ಪು!" ಎಂದು ರೇಗಿದರು. ರೇಗಿದ ಮೇಲೆ ತಾವು ಹೇಳಿದ್ದೇನು ಎಂದು ತಮಗೇ ಕೇಳಿಸಿತು. ಆ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು.

ವಿಳಾಸ ಇಲ್ಲದಿದ್ದರೇನು, ಜೀಪಿನ ಫೋಟೋ ಇತ್ತು. ಅದರ ಹಣೆಯ ಮೇಲೆ "ಹೊನ್ನೇಕಾಡು ಎಸ್ಟೇಟ್" ಎಂದು ಬರೆದಿತ್ತು. ವಿಚಾರಿಸಿದರೆ ಮೂಡಿಗೆರೆ ಕಡೆಯದೆಂದು ತಿಳಿಯಿತು. ಮಾರನೆಯ ಬೆಳಿಗ್ಗೆ ಗಂಡ ಹೆಂಡತಿ ಸ್ಕೂಟರ್ ಹತ್ತಿದರು. ದಾರಿಯುದ್ದಕ್ಕೂ ಗಿರಿಜಾಂಬಾ ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು ಎಂದು ಅವರಿಗೆ ಅನ್ನಿಸಿತು. ಹೊನ್ನೇಕಾಡಿನ ಜಗಲಿಯಲ್ಲಿ ಸಾವಿತ್ರಮ್ಮ ಅವರನ್ನು ನೋಡಿದ ಕೂಡಲೇ, "ಬನ್ನಿ ಬನ್ನಿ, ಫೋಟೋ ತಂದೇ ಬಿಟ್ರಾ! ಇಷ್ಟ್ ಬೇಗ!" ಎಂದು ಎದ್ದು ನಿಂತರು. ಓಂಕಾರಮೂರ್ತಿಯವರು ಹೆಂಡತಿಯ ಮುಖ ನೋಡಿದರು. ಗಿರಿಜಾಂಬಾ ನೆಲ ನೋಡಿದರು. ಕೊನೆಗೆ ತಾವೇ ಹೇಳಬೇಕಾಯಿತು, ಚೀಲದಿಂದ ಹಿಡಿದು ಅಳಿಸಿದ ತನಕ, ಒಂದೂ ಬಿಡದೆ.

ಸಾವಿತ್ರಮ್ಮ ಕೂತರು. ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡರು. "ಉಳಿದವ್ರ ಫೋಟೋ ಎಷ್ಟಾರೂ ಇದಾವೆ ಮೂರ್ತಿಯವ್ರೇ. ನಮ್ ಪ್ರೇಮ ಇರೋದು ಒಂದೂ ಇಲ್ಲ" ಎಂದರು. "ಅವಳಿಗೆ ಓದ್ಬೇಕು ಅಂತಿತ್ತು. ಮೈಸೂರಿಗೆ ಕಳ್ಸಿ ಅಂತ ಕೂತಿದ್ಲು. ಅಪ್ಪ ಹೂಂ ಅಂದಿದ್ರು. ನಾನೇ, ದೊಡ್ಡೋಳು ಅಂತ, ಹುಡುಗಿ ಓದಿದ್ದು ಸಾಕು ಅಂತ ಕಳಸಕ್ಕೆ ಮದ್ವೆ ಮಾಡ್ಸಿದೆ. ಅವತ್ತಿಂದ ಅವಳು ನನ್ ಹತ್ರ ಕೇಳಿದ್ದಕ್ಕೆ ಅಷ್ಟೇ ಹೇಳ್ತಾಳೆ. ಬರ್ತಾಳೆ, ಉಣ್ತಾಳೆ, ಹೋಗ್ತಾಳೆ. ತವರಲ್ಲಿ ಒಂದು ರಾತ್ರಿ ಮಲಗಿಲ್ಲ. ನಿನ್ನೆ ಕೇಶವ ಜೀಪ್ ತಗೊಂಡು ಬಾಗಿಲಿಗೇ ಹೋಗಿದ್ದಕ್ಕೆ ಬಂದಿದ್ಲು. ಒಂದು ಫೋಟೋಕ್ಕೆ ನಿಂತ್ಲು, ಅದೇ ದೊಡ್ಡದು ಅಂತ ನಾನು..." ಓಂಕಾರಮೂರ್ತಿಯವರಿಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕೈಜೋಡಿಸಿ, ಆ ಕಾರ್ಡನ್ನು ಒಮ್ಮೆ ಕೊಡಿ, ಏನಾದರೂ ಆಗುತ್ತದೋ ನೋಡುತ್ತೇನೆ ಎಂದು ಕೇಳಿದರು. ಮಳೆಯ ದೆಸೆಯಿಂದ ಚನ್ನಕೇಶವ ಅದರಲ್ಲಿ ಮತ್ತೊಂದು ಫೋಟೋ ತೆಗೆದಿರಲಿಲ್ಲ.

ಕುಮಾರ್ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಏನೇನೋ ಒತ್ತಿದ. ಓಂಕಾರಮೂರ್ತಿಯವರು ಅವನ ಬೆನ್ನ ಹಿಂದೆ ನಿಂತು ಇಣುಕುತ್ತಿದ್ದರು. ಪರದೆಯ ಮೇಲೆ ಒಂದು ಪುಟ್ಟ ಚಿತ್ರ ಮೂಡಿತು. ಇನ್ನೊಂದು. ಮತ್ತೊಂದು. ನೀಲಿ, ನೀಲಿ, ರೇಷ್ಮೆ ಸೀರೆ, ನೀಲಿ! "ಅಣ್ಣ, ನೀವು ಮನೆ ಕೆಡವಿಲ್ಲ, ಬಾಗಿಲ ಮೇಲಿನ ಹೆಸರು ಅಷ್ಟೇ ಅಳ್ಸಿದೀರ. ಬೇರೆಯವ್ರು ಬಂದ್ ಕೂರೋ ತನಕ ಇದ್ದೋರು ಒಳಗೇ ಇರ್ತಾರೆ" ಎಂದ ಕುಮಾರ್. ಓಂಕಾರಮೂರ್ತಿಯವರು ಅವನನ್ನು ಕುರ್ಚಿ ಸಮೇತ ತಬ್ಬಿಕೊಂಡರು. ಗಿರಿಜಾಂಬಾ ಸೆರಗಿನಿಂದ ಕಣ್ಣೊರೆಸಿಕೊಂಡು, ಕಣ್ಣಿಗೆ ಏನೋ ಬಿತ್ತು ಎಂದರು. ಐವರು ಒಟ್ಟಿಗಿದ್ದ ಫೋಟೋ ಸಿಕ್ಕಿತು. ನಾಲ್ವರು ಒತ್ತಾಗಿ ನಿಂತಿದ್ದರು. ಪ್ರೇಮಕುಮಾರಿ ತುದಿಯಲ್ಲಿ, ನಡುವೆ ಇನ್ನಿಬ್ಬರು ನಿಲ್ಲುವಷ್ಟು ಜಾಗ ಬಿಟ್ಟು, ಬೇರೆ ಕಡೆ ನೋಡುತ್ತಿದ್ದರು. ಇರಲಿ, ಸಿಕ್ಕಿತಲ್ಲ! ಎಲ್ಲವನ್ನೂ ಡಬ್ಬಿಗೆ ತುಂಬಿಸಿಕೊಂಡು, ಅಂಕಿ ನೂರಕ್ಕೇರುವ ತನಕ ಕಣ್ಣು ಮಿಟುಕಿಸದೆ ನೋಡಿ, ಎದುರಿನ ಎಸ್.ಟಿ.ಡಿ. ಬೂತಿಗೆ ಓಡಿದರು.

"ಸಿಕ್ತು ಅಮ್ಮ! ಎಲ್ಲಾ ಸಿಕ್ತು!" ಎಂದು ಬೂತಿನ ಗಾಜು ಅದುರುವ ಹಾಗೆ ಕೂಗಿದರು.

ಆ ಕಡೆಯಿಂದ ಸಾವಿತ್ರಮ್ಮ, "ಯಾರಿಗಾದ್ರೂ ಹೇಳಿದ್ರಾ?" ಎಂದರು.

"ಇಲ್ಲ. ಮೊದ್ಲು ನಿಮಗೇ."

"ಹಂಗಾದ್ರೆ ಹೇಳ್ಬೇಡಿ. ಯಾರಿಗೂ ಹೇಳ್ಬೇಡಿ." ದನಿ ತಗ್ಗಿಸಿ, ಕದ್ದು ಮಾತಾಡುವ ಹುಡುಗಿಯ ಹಾಗೆ ಒಂದೇ ಉಸಿರಿನಲ್ಲಿ ಹೇಳತೊಡಗಿದರು. "ನೀವು ಹೋದ್ಮೇಲೆ ಎಲ್ಲರಿಗೂ ಫೋನ್ ಮಾಡ್ದೆ, ಫೋಟೋ ಹೋಯ್ತು ಅಂತ. ಪ್ರೇಮಂಗೂ ಮಾಡ್ದೆ. ಹೂಂ ಅಂತ ಇಟ್ಬಿಡ್ತಾಳೆ ಅಂದ್ಕೊಂಡಿದ್ದೆ. ಇಡ್ಲಿಲ್ಲ ಮೂರ್ತಿಯವ್ರೇ! ಎಂತ ಸಿಟ್ಟು ಅವಳಿಗೆ! ಅವನ್ಯಾವ ಫೋಟೋಗ್ರಾಫರು, ಅವನಿಗೆ ಬುದ್ಧಿ ಇದೆಯಾ ಅಂತ ನಿಮ್ಮನ್ನ ಬಯ್ದಿದ್ದೇ ಬಯ್ದಿದ್ದು. ನಾನೂ ಸೇರ್ಕೊಂಡು ಬಯ್ದೆ. ಇಷ್ಟ್ ವರ್ಷದಲ್ಲಿ ನಾವಿಬ್ರು ಅಷ್ಟ್ ಹೊತ್ತು ಮಾತಾಡಿದ್ದೇ ಇಲ್ಲ. ಕೊನೆಗೆ ಅವಳೇ, ಹೂ ಉದುರೋದ್ರೊಳಗೆ ಮತ್ತೆ ಹೋಗಣ, ನಾನ್ ಬರ್ತೀನಿ ಅಂದ್ಲು. ನಾನ್ ಕರೀಲಿಲ್ಲ. ಅವಳೇ ಅಂದ್ಲು. ಈಗ ಫೋಟೋ ಸಿಕ್ತು ಅಂದ್ರೆ ಯಾಕ್ ಬರ್ತಾಳೆ, ಹೇಳಿ?"

ಓಂಕಾರಮೂರ್ತಿಯವರು ರಿಸೀವರು ಹಿಡಿದುಕೊಂಡು ನಿಂತರು. ಕೇಳಿದ್ದು ಸಣ್ಣ ಮಾತಲ್ಲ. ಆಲ್ದೂರು ಬಸ್‌ಸ್ಟ್ಯಾಂಡಿನಲ್ಲಿ ರಾತ್ರಿಯೇ ಲ್ಯಾಬಿನಿಂದ ಸುದ್ದಿ ಬಂದು ಗುಸುಗುಸು ಶುರುವಾಗಿತ್ತು, ಮೂರ್ತಿಯವರ ಡಬ್ಬಿ ಫೋಟೋ ತಿಂದುಹಾಕಿತಂತೆ ಎಂದು. ದುಬೈಗೆ ಹೋಗಿ ಬಂದ ವ್ಯಾಪಾರಿ ಬೆಳಿಗ್ಗೆಯೇ ಸ್ಟುಡಿಯೋ ಮುಂದೆ ನಿಂತು, "ಏನ್ ಮೂರ್ತಿಯವ್ರೇ, ಡಬ್ಬಿಗೂ ಊಟ ಜಾಸ್ತಿ ಆಯ್ತಾ?" ಎಂದು ಕೇಳಿ ಹೋಗಿದ್ದರು. ಅವರ ಬಾಯಿ ಮುಚ್ಚಿಸುವ ಮದ್ದು ಕೈಯಲ್ಲೇ ಇತ್ತು. ಒಂದು ಸಿ.ಡಿ. ತೋರಿಸಿದರೆ ಮುಗಿಯಿತು. ಮೂವತ್ತು ವರ್ಷದ ಹೆಸರು, ಹೋಗಿ ಒಂದೇ ದಿನದಲ್ಲಿ ಮರಳಿ ಬಂದದ್ದನ್ನು ಈಗ ಬೇಕೆಂದೇ ಬಿಟ್ಟುಕೊಡಬೇಕು. ಬೂತಿನ ಹೊರಗೆ ಗಿರಿಜಾಂಬಾ ಏನಂತೆ ಏನಂತೆ ಎಂದು ಸನ್ನೆ ಮಾಡುತ್ತಿದ್ದರು.

"ಆಯ್ತಮ್ಮ. ಸಿಕ್ಕಿಲ್ಲ" ಎಂದು ಫೋನಿಟ್ಟರು.

ಮುಂದಿನ ಭಾನುವಾರ ಎಂದು ನಿಶ್ಚಯವಾಯಿತು. ಆ ವಾರವೆಲ್ಲ ಓಂಕಾರಮೂರ್ತಿಯವರ ಕಣ್ಣು ಆಕಾಶದ ಮೇಲೇ. ಒಂದು ಜೋರು ಮಳೆ ಬಿದ್ದರೆ ಹೂವೆಲ್ಲ ನೆಲಕ್ಕೆ. ದಿನವೂ ಅತ್ತಿಗುಂಡಿಗೆ ಹೋಗಿ ಇಳಿಜಾರು ನೋಡಿಕೊಂಡು ಬಂದು ಸಾವಿತ್ರಮ್ಮನಿಗೆ ಫೋನಿನಲ್ಲಿ ವರದಿ ಒಪ್ಪಿಸುತ್ತಿದ್ದರು. "ಮೇಲ್ಗಡೆ ಬಾಡಿದೆ ಅಮ್ಮ, ಆದ್ರೆ ಕೆಳಗಡೆ ಇನ್ನೂ ಮೊಗ್ಗಿದೆ, ನಂಗೆ ಜಾಗ ಗೊತ್ತು!" ಗಿರಾಕಿಗಳು ಕಡಿಮೆಯಾಗಿದ್ದರು, ಡಬ್ಬಿಯ ಸುದ್ದಿ ಬೆಟ್ಟಕ್ಕೂ ತಲುಪಿತ್ತು. ಅವರಿಗೆ ಅದು ಬೇಸರವಾಗಬೇಕಿತ್ತು. ಆಗಲಿಲ್ಲ. ತಮ್ಮ ಮಗಳ ಮದುವೆಗೂ ತಾವು ಇಷ್ಟು ಒದ್ದಾಡಿರಲಿಲ್ಲ ಎಂದು ಗಿರಿಜಾಂಬಾ ಹತ್ತಿರ ಹೇಳಿಕೊಂಡು ನಕ್ಕರು.

ಭಾನುವಾರ ಬಿಸಿಲು ಬಂತು. ಜೀಪು ಬಂತು. ಈ ಸಲ ಮೊದಲು ಇಳಿದವರು ಪ್ರೇಮಕುಮಾರಿ. ಸೀದಾ ಮೇಜಿನ ಹತ್ತಿರ ಬಂದು, "ನೀವೇನಾ?" ಎಂದರು.

"ಹೌದಮ್ಮ."

"ಎಷ್ಟ್ ವರ್ಷದಿಂದ ಈ ಕೆಲ್ಸ ಮಾಡ್ತಿದೀರ?"

"ಮೂವತ್ತು ವರ್ಷ ಆಯ್ತಮ್ಮ."

"ಮೂವತ್ತು ವರ್ಷ! ಅಷ್ಟ್ ವರ್ಷಕ್ಕೆ ಕೋತಿಗೂ ಕಲಿಸ್ಬೋದು. ನೋಡ್ದೆ ಅಳಿಸ್ತಾರಾ ಯಾರಾದ್ರೂ? ಅಲ್ಲಾ, ಚೀಲದೊಳಗೆ ಕೈ ಹಾಕ್ಕೊಂಡು ಏನ್ ದೇವ್ರನ್ನ ನೋಡ್ತಿದ್ರಿ? ನಮ್ಮಕ್ಕ ಈ ವಯಸ್ಸಲ್ಲಿ, ಆ ಮಂಡಿ ಇಟ್ಕೊಂಡು, ಎರಡೆರಡ್ ಸಲ ಬೆಟ್ಟ ಹತ್ಬೇಕಾ ನಿಮ್ ದೆಸೆಯಿಂದ?"

ನಮ್ಮಕ್ಕ! ಸಾವಿತ್ರಮ್ಮ ಜೀಪಿನ ಬಾಗಿಲು ಹಿಡಿದುಕೊಂಡು ಅಲ್ಲಾಡದೆ ನಿಂತಿದ್ದರು. ಡಬ್ಬಿ ಓಂಕಾರಮೂರ್ತಿಯವರ ಹೆಗಲ ಚೀಲದಲ್ಲಿತ್ತು, ಅದರೊಳಗೆ ಆ ಫೋಟೋ ಇತ್ತು. ಸುತ್ತ ನಿಂತ ಜೀಪಿನ ಡ್ರೈವರುಗಳು ನೋಡುತ್ತಿದ್ದರು, ಜೋಳ ಸುಡುವವರು ನೋಡುತ್ತಿದ್ದರು. ಮೂವತ್ತು ವರ್ಷ ಯಾರಿಗೂ ತಗ್ಗದ ಮನುಷ್ಯ ಎರಡೂ ಕೈ ಮುಗಿದರು. "ತಪ್ಪಾಯ್ತಮ್ಮ. ನಂದೇ ತಪ್ಪು" ಎಂದರು. ಗಿರಿಜಾಂಬಾ ಸಟ್ಟನೆ ಆ ಕಡೆ ತಿರುಗಿಕೊಂಡರು. ಸಾವಿತ್ರಮ್ಮ ನಿಧಾನವಾಗಿ ಬಂದು, "ಹೋಗ್ಲಿ ಬಿಡೇ ಪ್ರೇಮ, ಪಾಪ" ಎಂದರು. "ನೀನು ಸುಮ್ನಿರಕ್ಕ, ಇಂಥವ್ರನ್ನ ಹಿಂಗೇ ಬಿಡ್ಬಾರ್ದು" ಎಂದು ಪ್ರೇಮಕುಮಾರಿ ಅಕ್ಕನ ಕೈ ಹಿಡಿದುಕೊಂಡು ಇಳಿಜಾರಿಗೆ ನಡೆದರು.

ಕೆಳಗಿನ ಹೂವು ಓಂಕಾರಮೂರ್ತಿಯವರು ಫೋನಿನಲ್ಲಿ ಹೇಳಿದ ಜಾಗದಲ್ಲಿ ಹೇಳಿದ ಹಾಗೆಯೇ ಅರಳಿ ನಿಂತಿತ್ತು. ಈ ಸಲ ಕ್ಯಾಮೆರಾ ಹಿಡಿದವರು ಓಂಕಾರಮೂರ್ತಿಯವರು. ಚನ್ನಕೇಶವ ಕಲ್ಲಿನ ಮೇಲೆ ಸುಮ್ಮನೆ ಕೂತ. ಐವರು ಹೂವಿನ ನಡುವೆ ನಿಂತರು. ನಡುವಿನ ಮೂವರಲ್ಲಿ ಒಬ್ಬರು, "ಸರಿಯಾಗ್ ತೆಗೀರಿ, ಇಲ್ದಿದ್ರೆ ನಮ್ ಪ್ರೇಮ ನಿಮ್ಮನ್ನ ಕಳಸದ ಹೊಳೆಗೆ ಹಾಕ್ತಾಳೆ" ಎಂದರು. ಇನ್ನೊಬ್ಬರು, "ಚೀಲದ್ ಸಮೇತ" ಎಂದರು. ಪ್ರೇಮಕುಮಾರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಬಾಗಿದವರು ಅಕ್ಕನ ಹೆಗಲ ಮೇಲೆ ಒರಗಿದರು. ಸಾವಿತ್ರಮ್ಮ ಕೋಲು ಬಿಟ್ಟು ತಂಗಿಯನ್ನು ಹಿಡಿದರು. ಓಂಕಾರಮೂರ್ತಿಯವರು ಒತ್ತಿದರು. ಮತ್ತೆ ಒತ್ತಿದರು. ಕಣ್ಣು ಮಂಜಾಗಿತ್ತು, ಆದರೂ ಬೆರಳಿಗೆ ತನ್ನ ಕೆಲಸ ಗೊತ್ತಿತ್ತು.

ಪರದೆಯಲ್ಲಿ ನೋಡಿದರು. ಜೀವನದಲ್ಲಿ ಅಂಥ ಫೋಟೋ ತೆಗೆದಿರಲಿಲ್ಲ. ಐದು ಮುಖ, ಐದು ನಗು, ಒಂದು ಕೂದಲೆಳೆಯೂ ಅಲ್ಲಾಡಿರಲಿಲ್ಲ. ಅಕ್ಕತಂಗಿಯರಿಬ್ಬರ ನಡುವೆ ಗಾಳಿ ಹೋಗಲೂ ಜಾಗವಿರಲಿಲ್ಲ.

ಪ್ರೇಮಕುಮಾರಿ ಸೀರೆಗೆ ಅಂಟಿದ ಹೂ ಕೊಡವುತ್ತ, "ಬಂತೇನ್ರೀ? ಈಗ್ಲೇ ಹೇಳ್ಬಿಡಿ. ಬಂದಿಲ್ದಿದ್ರೆ ಇವತ್ ರಾತ್ರಿ ತಮ್ಮಯ್ಯನ ಮನೇಲೇ ಉಳ್ಕೊಂಡು ನಾಳೆ ಮತ್ತೆ ಬರ್ತೀವಿ. ಅಲ್ವೇನಕ್ಕ?" ಎಂದರು.

ಸಾವಿತ್ರಮ್ಮ ಓಂಕಾರಮೂರ್ತಿಯವರ ಕಡೆಗೆ ನೋಡಿದರು.

ಓಂಕಾರಮೂರ್ತಿಯವರು ಕ್ಯಾಮೆರಾವನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ತಲೆ ಕೆರೆದುಕೊಂಡರು.

"ಯಾಕೋ ಕೆಟ್ಟಂಗಿದೆ ಅಮ್ಮ" ಎಂದರು. "ನಾಳೆ ಒಂದ್ಸಲ ಬಂದ್ಬಿಡಿ."